ಐದು ಗಂಟೆಯ ತನಕ ನನ್ನ ಮನೆ

ವರ್ನಾ ಕೊವಾಲ್‌ಗೆ ಪಿತ್ತ ನೆತ್ತಿಗೇರಿದ್ದು ಬಾಗಿಲು ತೆರೆದ ಕೂಡಲೇ. ಹೊರಗಿಗಿಂತ ಒಳಗೇ ಚಳಿ ಹೆಚ್ಚಿತ್ತು. ಟೊಲೀಡೊದಲ್ಲಿ ಡಿಸೆಂಬರ್ ಬಂತೆಂದರೆ ಸರೋವರದ ಕಡೆಯಿಂದ ಬೀಸುವ ಗಾಳಿ ಕಿವಿ ಕಿತ್ತುಕೊಂಡು ಹೋಗುತ್ತದೆ, ನಿಜ. ಆದರೆ ಆ ಗಾಳಿ ಬರುತ್ತದೆ, ಹೋಗುತ್ತದೆ. ಖಾಲಿ ಮನೆಯ ಚಳಿ ಹಾಗಲ್ಲ. ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಮೂಲೆ ಹಿಡಿದು ಕೂತುಬಿಡುತ್ತದೆ, ಏಳು ಎಂದರೆ ಏಳುವುದಿಲ್ಲ. ಅಂದರೆ ಮನೆ ಬಿಸಿಮಾಡುವ ಗ್ಯಾಸ್ ಬಿಟ್ಟಿಲ್ಲ. ಗೋಡೆಯ ಸ್ವಿಚ್ಚು ಒತ್ತಿದಳು, ದೀಪ ಹತ್ತಲಿಲ್ಲ. ಕರೆಂಟೂ ಇಲ್ಲ. ಅಡುಗೆಮನೆಯ ನಲ್ಲಿಗೆ ಹಳದಿ ಟೇಪು ಸುತ್ತಿ ‘ತೆರೆಯಬೇಡಿ’ ಎಂದು ಬರೆದಿತ್ತು. ಕಕ್ಕಸಿನ ಬಟ್ಟಲಲ್ಲಿ, ನೀರು ಹೆಪ್ಪುಗಟ್ಟಿ ಪಿಂಗಾಣಿ ಒಡೆಯದಿರಲೆಂದು ಸುರಿದಿದ್ದ ಗುಲಾಬಿ ಬಣ್ಣದ ದ್ರವ ಮಕ್ಕಳ ಜ್ವರದ ಸಿರಪ್ಪಿನ ಹಾಗೆ ನಿಂತಿತ್ತು.

ಕೊಳ್ಳುವವರ ಪರವಾಗಿ ಮನೆ ತಪಾಸಣೆ ಮಾಡುವುದು ವರ್ನಾಳ ಕಸುಬು. ಛಾವಣಿ ಹತ್ತಿ ನೋಡುವುದು, ನಲ್ಲಿ ಬಿಟ್ಟು ನೋಡುವುದು, ಒಲೆ ಹಚ್ಚಿ ನೋಡುವುದು, ಆಮೇಲೆ ಇದು ಸರಿಯಿದೆ, ಇದು ಕೆಟ್ಟಿದೆ ಎಂದು ಬರೆದುಕೊಡುವುದು. ನೀರು, ಗ್ಯಾಸು, ಕರೆಂಟು ಮೂರೂ ನಿಲ್ಲಿಸಿದ ಮನೆಯಲ್ಲಿ ಏನು ನೋಡುವುದು? ಗೋಡೆಯ ಬಣ್ಣವನ್ನೇ? ಬ್ಯಾಂಕುಗಳು ಸಾಲ ತೀರಿಸದವರಿಂದ ಕಿತ್ತುಕೊಂಡ ಮನೆಗಳೆಲ್ಲ ಹೀಗೇ. ಮೊದಲು ಮನುಷ್ಯರನ್ನು ಹೊರಗೆ ಹಾಕುತ್ತಾರೆ, ಆಮೇಲೆ ನೀರನ್ನು ಹೊರಗೆ ಹಾಕುತ್ತಾರೆ, ಆಮೇಲೆ ‘ಸುಂದರವಾದ ಮನೆ, ಇದ್ದದ್ದು ಇದ್ದ ಹಾಗೆ’ ಎಂದು ಬೋರ್ಡು ಹಾಕುತ್ತಾರೆ.

“ಎಲ್ಲಾ ಆನ್ ಇರುತ್ತೆ ವರ್ನಾ, ನೀವು ಬಂದ್ರೆ ಸಾಕು” ಎಂದು ಬ್ರೋಕರ್ ಟ್ರೆಂಟ್ ಬಾಸ್ಕಮ್ ಹಿಂದಿನ ದಿನ ಫೋನಿನಲ್ಲಿ ಬೆಣ್ಣೆ ಹಚ್ಚಿದ್ದ. ಈಗ ಅವನು ಹಜಾರದ ನಡುವೆ ನಿಂತು ಹೊಸ ಉಣ್ಣೆ ಕೋಟಿನ ಕಾಲರ್ ಸರಿಪಡಿಸಿಕೊಳ್ಳುತ್ತಿದ್ದ. ಮಾರುವ ಬ್ಯಾಂಕಿನ ಬ್ರೋಕರೂ ಅವನೇ, ಕೊಳ್ಳುವವಳ ಬ್ರೋಕರೂ ಅವನೇ. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಆಯಿತು, ಒಬ್ಬನೇ ಎರಡೂ ಕಡೆ ಕುಳಿತು ಆಡಬಹುದು.

“ಗ್ಯಾಸ್ ಎಲ್ಲಿ?” ಎಂದಳು ವರ್ನಾ.

“ಸೋಮವಾರ ಬರ್ತಾರಂತೆ.”

“ಕರೆಂಟು?”

“ಅದೂ ಸೋಮವಾರ ಅಂತಿಟ್ಕೊಳ್ಳಿ. ಆದ್ರೆ ನೀರು ಇವತ್ತೇ ಬರುತ್ತೆ. ಸಿಟಿಯೋರು ದಾರೀಲಿದಾರೆ.”

“ಟ್ರೆಂಟ್, ಇವತ್ತು ಶುಕ್ರವಾರ. ಇವಳ ಗಡುವು ಇವತ್ತು ಸಂಜೆ ಐದಕ್ಕೆ. ಸೋಮವಾರ ಗ್ಯಾಸ್ ಬಂದ್ರೆ ಏನು ಮಾಡ್ಲಿ, ಕಾಫಿ ಕಾಯಿಸ್ಲಾ?”

ಟ್ರೆಂಟ್ ಹಲ್ಲು ಕಿರಿದ. “ಅದಕ್ಕೇ ನೀರೊಂದನ್ನಾದ್ರೂ ನೋಡ್ಬಿಡಿ ಅಂತ.”

ಇವಳು ಎಂದರೆ ಲಟ್ರೀಸ್ ಹೋಬ್ಸ್, ಮನೆ ಕೊಳ್ಳಲು ಹೊರಟವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು. ಕಣ್ಣು ಕೆಂಪಗಿದ್ದವು, ಮುಖ ಮಾತ್ರ ಮದುವೆ ಮನೆಗೆ ಬಂದವರ ಹಾಗೆ ಅರಳಿತ್ತು. ವರ್ನಾಳಿಗೆಂದು ಮೊಟ್ಟೆ ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಬಂದಿದ್ದಳು. ಅವಳಿದ್ದ ಬಾಡಿಗೆ ಮನೆಯನ್ನು ಒಡೆಯ ಮಾರಿಬಿಟ್ಟಿದ್ದ. ಹೊಸ ವರ್ಷಕ್ಕೆ ಖಾಲಿ ಮಾಡಬೇಕಿತ್ತು. ಎರಡು ಹೆಣ್ಣುಮಕ್ಕಳು. ಅವಳ ಸಂಬಳಕ್ಕೆ ಒಪ್ಪುವ ಸಾಲ, ಆ ಸಾಲಕ್ಕೆ ಒಪ್ಪುವ ಮನೆ ಊರಲ್ಲೆಲ್ಲ ಹುಡುಕಿ ಸಿಕ್ಕಿದ್ದು ಇದೊಂದೇ. ಸಾಲ ಕೊಡುವವರದು ಒಂದೇ ಷರತ್ತು. ತಪಾಸಣೆ ಮಾಡಿದವರು ‘ನೀರು ಹರಿಯುವುದನ್ನು ಕಣ್ಣಾರೆ ಕಂಡೆ’ ಎಂದು ಬರೆಯಬೇಕು. ಐದು ಗಂಟೆಯೊಳಗೆ ಅದಾಗದಿದ್ದರೆ ಸಾಲವಿಲ್ಲ. ಐದರೊಳಗೆ ‘ಬೇಡ’ ಎಂದರೆ ಕೊಟ್ಟ ಮುಂಗಡ ವಾಪಸ್ಸು, ಐದು ದಾಟಿದರೆ ಅದಕ್ಕೂ ಎಳ್ಳುನೀರು.

“ಮಿಸ್ ವರ್ನಾ, ಬನ್ನಿ, ಮೊದ್ಲು ಮೇಲಿನ ರೂಮು ನೋಡಿ” ಎಂದಳು ಲಟ್ರೀಸ್. “ಬೀದಿ ಕಡೆದು ದೊಡ್ಡೋಳಿಗೆ. ಹಿಂದಿಂದು ನನ್ನ ಇಮಾನಿಗೆ. ಆಗ್ಲೇ ಜಗಳ ಆಡಿ ಹಂಚ್ಕೊಂಡಾಗಿದೆ. ಚಿಕ್ಕೋಳಿಗೆ ಕಿಟಕಿ ಕಟ್ಟೆ ಬೇಕಂತೆ, ಗೊಂಬೆ ಕೂರಿಸೋಕೆ.”

“ರೂಮಿರ್ಲಿ ಕಣಮ್ಮ. ನೀರು ಯಾರ ಹೆಸರಲ್ಲಿ ಬಿಡಿಸ್ತಿದಾರೆ?”

“ನನ್ನ ಹೆಸರಲ್ಲೇ! ನಿನ್ನೆ ನಾನೇ ಹೋಗಿ ಲೈನಲ್ಲಿ ನಿಂತು ಮಾಡಿಸ್ಕೊಂಡು ಬಂದೆ.” ಅವಳ ದನಿಯಲ್ಲಿ ಹೆಮ್ಮೆಯಿತ್ತು. “ಅದೇನೋ ಕಾಗದಕ್ಕೂ ಸೈನ್ ಹಾಕ್ದೆ.”

ವರ್ನಾ ಟಾರ್ಚು ಕೆಳಗಿಳಿಸಿದಳು. “ಯಾವ ಕಾಗದ?”

“ನೀರು ಬಿಡೋವಾಗ ಮನೆಗೇನಾದ್ರೂ ಆದ್ರೆ ನಂದೇ ಹೊಣೆ ಅಂತ. ಟ್ರೆಂಟ್ ಅವ್ರು ಹೇಳಿದ್ರು, ಎಲ್ರೂ ಹಾಕ್ತಾರೆ, ಸುಮ್ನೆ ಫಾರ್ಮಾಲಿಟಿ ಅಂತ.”

ವರ್ನಾ ಟ್ರೆಂಟನ ಕಡೆ ತಿರುಗಿದಳು. ಅವನು ಸೀಲಿಂಗಿನಲ್ಲಿ ಏನೋ ಮುಖ್ಯವಾದದ್ದು ಕಂಡವನಂತೆ ಮೇಲೆ ನೋಡುತ್ತಿದ್ದ.

“ಬ್ಯಾಂಕಿನ ಮನೆ. ಬ್ಯಾಂಕಿನ ಪೈಪು. ಬಿಸಿಯಿಲ್ಲದೆ ಎಷ್ಟು ಚಳಿಗಾಲ ಕಳೆದಿದ್ಯೋ ದೇವರಿಗೇ ಗೊತ್ತು. ಇದು ಒಡೆದ್ರೆ ಇವಳು ಹೊಣೆ! ಇನ್ನೂ ಒಂದು ಇಟ್ಟಿಗೆ ಇವಳದಾಗಿಲ್ಲ, ಆಗ್ಲೇ ತಲೆ ಮೇಲೆ ಗೂಬೆ ಕೂರಿಸಿದ್ಯಲ್ಲ, ನಿನಗೆ ಮಾನ ಮರ್ಯಾದೆ ಇದ್ಯಾ?”

“ನನ್ನ ಮೇಲೆ ಯಾಕೆ ಕೂಗಾಡ್ತೀರಾ ವರ್ನಾ? ರೂಲ್ ಮಾಡಿದ್ದು ನಾನಾ? ಬ್ಯಾಂಕಿನೋರು ನೀರು ಬಿಡಿಸಲ್ಲ ಅಂತಾರೆ. ಬೇಕಾದೋರು ಬಿಡಿಸ್ಕೋಬೇಕು. ಬೇಕಾಗಿರೋದು ಇವ್ರಿಗೆ.”

ವರ್ನಾಳಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅವಳನ್ನು ಉರಿಸಿದ್ದು. ಎಲ್ಲ ಕಾನೂನಿನ ಪ್ರಕಾರ, ಎಲ್ಲ ಸಹಿಯಾದ ಅನ್ಯಾಯ.

ಅಷ್ಟರಲ್ಲಿ ಹೊರಗೆ ನಗರದ ನೀರು ಸರಬರಾಜು ಇಲಾಖೆಯ ಲಾರಿ ನಿಂತಿತು. ಗಸ್ ಎಂಬ ದಪ್ಪ ಮೀಸೆಯ ಆಳು ಇಳಿದು, ರಸ್ತೆಯ ಅಂಚಿನ ಹಿಮ ಗೋರಿ, ಒಂದು ಕಬ್ಬಿಣದ ಮುಚ್ಚಳ ತೆಗೆದು, ಆಳುದ್ದದ ಕೀಲಿಯನ್ನು ಒಳಗಿಳಿಸಿದ.

“ನೀರು ಯಾರ ಹೆಸರಲ್ಲಿದೆ? ನೀವಾ? ಒಳಗೇ ಇರ್ಬೇಕು ನೀವು. ಬೀದಿ ನೀರು ನಾನ್ ಬಿಡ್ತೀನಿ. ನೆಲಮಾಳಿಗೇಲಿ ಒಂದು ವಾಲ್ವಿದೆ, ಅದು ನಂದಲ್ಲ.”

“ಅದ್ಯಾರು ಬಿಡ್ತಾರೆ?” ಎಂದು ಲಟ್ರೀಸ್ ಕೇಳಿದಳು.

“ಅದು ನಿಮ್ನಿಮ್ಮೊಳಗೆ ನೋಡ್ಕೊಳ್ಳಿ, ಅಮ್ಮ” ಎಂದು ಗಸ್ ಕೀಲಿ ತಿರುವಿ, ಲಾರಿ ಹತ್ತಿ ಹೀಟರ್ ಹಾಕಿಕೊಂಡು ಡೋನಟ್ ತಿನ್ನತೊಡಗಿದ.

ಮೂವರೂ ನೆಲಮಾಳಿಗೆಗೆ ಇಳಿದರು. ವರ್ನಾಳ ಟಾರ್ಚಿನ ಬೆಳಕಿನಲ್ಲಿ ಗೋಡೆಯಿಂದ ಹೊರಬಂದ ಪೈಪು, ಅದರ ಮೇಲೆ ತುಕ್ಕು ಹಿಡಿದ ದುಂಡು ಚಕ್ರದ ವಾಲ್ವು ಕಂಡವು. ಯಾರೋ ಅದನ್ನು ಬಲವಾಗಿ ಮುಚ್ಚಿ, ತಂತಿಯಿಂದ ಕಟ್ಟಿದ್ದರು.

ವರ್ನಾಳ ಕಸುಬಿನಲ್ಲಿ ಒಂದು ನೇಮವಿದೆ. ನಲ್ಲಿ ತಿರುಗಿಸಬಹುದು, ಸ್ವಿಚ್ಚು ಒತ್ತಬಹುದು, ಬಾಗಿಲು ತೆರೆಯಬಹುದು. ಮುಚ್ಚಿಟ್ಟ ದೊಡ್ಡ ವಾಲ್ವನ್ನು ಮಾತ್ರ ಮುಟ್ಟಬಾರದು. ಮುಚ್ಚಿದವನಿಗೆ ಏನೋ ಕಾರಣವಿರುತ್ತದೆ, ಆ ಕಾರಣ ಗೊತ್ತಿಲ್ಲದೆ ತೆರೆಯುವವನು ಅದನ್ನು ತಾನೇ ತಲೆಗೆ ಕಟ್ಟಿಕೊಂಡ ಹಾಗೆ. ಬ್ರೋಕರುಗಳಿಗೂ ಒಂದು ನೇಮವಿದೆ, ಅದನ್ನು ಎಲ್ಲೂ ಬರೆದಿಲ್ಲ. ವಾಲ್ವು ಮುಟ್ಟುವ ಹೊತ್ತು ಬಂದಾಗ ಅವರಿಗೆ ಫೋನ್ ಬರುತ್ತದೆ.

ಟ್ರೆಂಟ್ ಜೇಬಿಗೆ ಕೈ ಹಾಕಿದ. ಫೋನು ಸದ್ದು ಮಾಡಿರಲೂ ಇಲ್ಲ.

“ಅಯ್ಯೋ, ಇದು ತಗೊಳ್ಳೇಬೇಕು. ಐದೇ ನಿಮಿಷ.” ಕಾರಿನಿಂದ ತಂದಿದ್ದ ಸ್ಪ್ಯಾನರನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟ. “ಇಲ್ಲಿಟ್ಟಿರ್ತೀನಿ. ಯಾರಿಗಾದ್ರೂ ಬೇಕಾದ್ರೆ. ನಾನಂತೂ ಏನೂ ನೋಡಿಲ್ಲ.” ಮೆಟ್ಟಿಲು ಹತ್ತಿ ಹೋದ.

ಕತ್ತಲಲ್ಲಿ ಇಬ್ಬರೇ ಉಳಿದರು. ಲಟ್ರೀಸ್ ಸ್ಪ್ಯಾನರನ್ನೂ ವರ್ನಾಳನ್ನೂ ನೋಡಿದಳು.

“ತಿರುಗ್ಸಿ ಮಿಸ್ ವರ್ನಾ.”

“ನಾನು ಮುಟ್ಟೋ ಹಾಗಿಲ್ಲ. ನೀನೂ ಮುಟ್ಬೇಡ.”

“ಮುಟ್ಟದಿದ್ರೆ ನೀರು ಹೆಂಗೆ ಬರುತ್ತೆ?”

“ಬರಲ್ಲ.”

“ಬರದಿದ್ರೆ ನೀವೇನು ಬರೀತೀರಾ?”

“ನೋಡಲಾಗಲಿಲ್ಲ ಅಂತ.”

“ನೋಡಲಾಗಲಿಲ್ಲ!” ಲಟ್ರೀಸಳ ದನಿ ಏರಿತು. “ಗ್ಯಾಸಿಗೆ ನೋಡಲಾಗಲಿಲ್ಲ, ಕರೆಂಟಿಗೆ ನೋಡಲಾಗಲಿಲ್ಲ, ನೀರಿಗೂ ನೋಡಲಾಗಲಿಲ್ಲ. ಹಂಗಾದ್ರೆ ನೋಡಿದ್ದೇನು ನೀವು? ಹಂಗಂತ ಬರೆಯೋಕೆ ನೀವ್ಯಾಕೆ ಬೇಕು? ನಾನೇ ಬರ್ಕೋತಿದ್ದೆ ಮನೇಲಿ ಕೂತ್ಕೊಂಡು! ಬ್ಯಾಂಕಿನೋರು ಮುಟ್ಟಲ್ಲ, ಸಿಟಿಯೋನು ಮುಟ್ಟಲ್ಲ, ಬ್ರೋಕರ್‌ಗೆ ಫೋನ್ ಬಂತು, ನಿಮ್ಗೆ ನೇಮ ಇದೆ. ಎಲ್ರ ಕೈಯೂ ಜೇಬಲ್ಲೇ ಇದೆ. ಹೊರಗಿರೋದು ನನ್ನ ಕೈ ಒಂದೇ!”

ಆ ಮಾತು ವರ್ನಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಲಟ್ರೀಸ್ ಆಗಲೇ ಬಗ್ಗಿ ವಾಲ್ವಿನ ತಂತಿ ಬಿಚ್ಚುತ್ತಿದ್ದಳು.

“ನಿಲ್ಲು” ಎಂದಳು ವರ್ನಾ. “ಎರಡು ನಿಮಿಷ. ಕೈಮುಗೀತೀನಿ, ಎರಡೇ ನಿಮಿಷ ಮುಟ್ಬೇಡ. ಮುಟ್ಟೋನನ್ನ ಕರ್ಕೊಂಡು ಬರ್ತೀನಿ.”

ಟ್ರೆಂಟ್ ಮುಂಬಾಗಿಲ ಕಟ್ಟೆಯ ಮೇಲೆ ನಿಂತು ಸುಮ್ಮನೆ ಬೀದಿ ನೋಡುತ್ತಿದ್ದ. ಫೋನು ಕೈಯಲ್ಲಿತ್ತು, ಪರದೆ ಕಪ್ಪಗಿತ್ತು. ವರ್ನಾ ಅವನ ಕೋಟಿನ ತೋಳು ಹಿಡಿದಳು.

“ಬಾ ಕೆಳಗೆ.”

“ಏನಾಯ್ತು?”

“ನೀನೇ ತಿರುಗ್ಸು ಬಾ. ಸುಮ್ನೆ ಫಾರ್ಮಾಲಿಟಿ, ಏನೂ ಆಗಲ್ಲ ಅಂತ ಇವಳ ಹತ್ರ ಸೈನ್ ಹಾಕಿಸಿದ್ಯಲ್ಲ. ಏನೂ ಆಗದಿದ್ರೆ ನಿನ್ನ ಕೈಯಿಂದಲೇ ಆಗ್ಲಿ. ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ತೀನಿ.”

“ಕೋಟು ಬಿಡಿ ವರ್ನಾ, ಕೊಳೆ ಆಗುತ್ತೆ.”

“ಬಾರೋ!”

“ಬರಲ್ಲ ಅಂದ್ನಲ್ಲ!” ಟ್ರೆಂಟ್ ತೋಳು ಕೊಸರಿಕೊಂಡ. ಬೆಣ್ಣೆಯೆಲ್ಲ ಕರಗಿ ನಿಜವಾದ ದನಿ ಹೊರಬಿತ್ತು. “ನನ್ನನ್ನೇ ಯಾಕೆ ಕೆಳಗೆ ಎಳೀತೀರಾ ಎಲ್ರೂ? ಹೋದ ಸಲ ಆ ಪಾದ್ರಿ ಹೆಂಡ್ತೀನೂ ಹಿಂಗೇ ಕರೆದ್ಲು, ಪಕ್ಕದಲ್ಲಿ ನಿಂತ್ಕೊಳಿ, ನಂಗೆ ಭಯ ಆಗುತ್ತೆ ಅಂತ. ನಿಂತೆ, ಅವ್ಳು ವಾಲ್ವು ತಿರುಗಿಸಿದ್ಲು. ಆಮೇಲೆ ಅಡುಗೆಮನೆಗೆ ಬಂದು ನೋಡಿದ್ರೆ ಅರ್ಧ ಸೀಲಿಂಗು ನನ್ನ ಮೈಮೇಲೆ! ಎಂಥಾ ಕೋಟು ಅದು ಗೊತ್ತಾ? ಇವತ್ತಿಗೂ ಕಲೆ ಹೋಗಿಲ್ಲ!”

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಬಾಗಿಲಲ್ಲಿ ಲಟ್ರೀಸ್ ನಿಂತಿದ್ದಳು, ತುಕ್ಕು ಹಿಡಿದ ತಂತಿ ಇನ್ನೂ ಕೈಯಲ್ಲಿತ್ತು.

“ಯಾವ ಹೋದ ಸಲ?” ಎಂದಳು.

ಟ್ರೆಂಟ್ ಕೋಟಿನ ತೋಳು ಒರೆಸಿಕೊಳ್ಳತೊಡಗಿದ.

“ಯಾವ ಪಾದ್ರಿ ಹೆಂಡ್ತಿ?”

“ಅದು... ಬೇಸಿಗೆಗೆ ಮುಂಚೆ ಒಬ್ರು ಕೊಳ್ಳೋಕೆ ಬಂದಿದ್ರು. ಪಾದ್ರಿ ತೀರ್ಕೊಂಡ್ರು, ಅವರ ಹೆಂಡ್ತಿ. ಆಮೇಲೆ ಬೇಡ ಅಂದ್ರು.”

“ಬೇಡ ಅಂದ್ರೋ, ನೀವು ಬೇಡ ಅನ್ನಿಸಿದ್ರೋ? ಅವ್ರ ಮುಂಗಡ ಏನಾಯ್ತು?”

“ಅದು ಬ್ಯಾಂಕಿನೋರು ಮುರ್ಕೊಂಡ್ರು. ಸೀಲಿಂಗ್ ರಿಪೇರಿಗೆ. ನಾನಲ್ಲ.”

“ಪೈಪು?” ಎಂದಳು ವರ್ನಾ. ಅಡುಗೆಮನೆಯ ಹಳದಿ ಸೀಲಿಂಗಿನ ನಡುವೆ ಹೊಸ ಬಿಳಿ ತೇಪೆಯನ್ನು ಅವಳು ಬಂದ ಕೂಡಲೇ ಕಂಡಿದ್ದಳು. “ಸೀಲಿಂಗ್ ಸರಿ ಮಾಡಿದ್ರು. ಒಳಗಿನ ಪೈಪು ಸರಿ ಮಾಡಿದ್ರಾ?”

“ನಾನೇನು ಪ್ಲಂಬರಾ? ನಾನು ಪೈಪು ನೋಡೇ ಇಲ್ಲ. ನೀರು ಬಿದ್ದಿದ್ದು ನೋಡ್ದೆ, ಅಷ್ಟೇ. ಎಲ್ಲಿಂದ ಬಿತ್ತು ಅಂತ ನಾನು ಕೇಳ್ಳಿಲ್ಲ, ಅವ್ರು ಹೇಳ್ಳಿಲ್ಲ. ಗೊತ್ತಿಲ್ಲದ್ದನ್ನ ನಾನು ಹೆಂಗೆ ಹೇಳ್ಲಿ?”

ಗೊತ್ತಿರುವುದನ್ನು ಹೇಳಲೇಬೇಕೆಂದು ಅಲ್ಲಿ ಕಾನೂನಿದೆ. ಅದಕ್ಕೇ ಇಂಥವರು ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಾರೆ. ತಲೆ ಮೇಲೆ ನೀರು ಸುರಿದರೂ ಅದು ಎಲ್ಲಿಂದ ಬಂತೆಂದು ಕತ್ತೆತ್ತಿ ನೋಡುವುದಿಲ್ಲ. ಮೈಯೆಲ್ಲ ತೊಯ್ದು ನಿಂತು, ಮಳೆ ಬಂದದ್ದು ತಮಗೆ ತಿಳಿಯದು ಎನ್ನುತ್ತಾರೆ. ಥೂ.

ಲಟ್ರೀಸ್ ಕೂಗಾಡಲಿಲ್ಲ. ಬಹಳ ಮೆಲ್ಲಗೆ ಹೇಳಿದಳು, “ನಿಮ್ಮ ಕೋಟು ತಂದ್ಕೊಡಿ ಟ್ರೆಂಟ್ ಅವ್ರೇ. ನಾನು ಆಸ್ಪತ್ರೆ ಲಾಂಡ್ರೀಲಿ ಕೆಲಸ ಮಾಡೋಳು. ರಕ್ತದ ಕಲೆ ತೆಗೀತೀನಿ, ವಾಂತಿ ಕಲೆ ತೆಗೀತೀನಿ. ನಿಮ್ಮ ಕಲೇನೂ ತೆಗೆಯೋಕೆ ಆಗುತ್ತಾ ನೋಡ್ತೀನಿ.”

ಟ್ರೆಂಟನ ಮುಖ ಕೆಂಪಾಯಿತು. “ನೋಡಿ, ಕೋಪ ಮಾಡ್ಕೋಬೇಡಿ. ಇನ್ನೂ ಯಾರೂ ಏನೂ ಮುಟ್ಟಿಲ್ಲ, ನಿಮ್ಮ ಮುಂಗಡ ಎಲ್ಲೂ ಹೋಗಿಲ್ಲ. ಬೇಡ ಅಂತ ಐದ್ರೊಳಗೆ ಒಂದು ಮೆಸೇಜ್ ಕಳ್ಸಿ, ಮುಗೀತು. ಇನ್ನೊಂದು ಪಾರ್ಟಿ ಸಾಯಂಕಾಲ ನೋಡೋಕೆ ಬರ್ತಿದಾರೆ. ನಿಮಗೂ ತಲೆನೋವಿಲ್ಲ, ನನಗೂ ಇಲ್ಲ.”

“ಇನ್ನೊಂದು ಪಾರ್ಟಿ” ಎಂದಳು ಲಟ್ರೀಸ್.

“ಹೌದು, ಎಷ್ಟೋ ಜನ ಕಾಯ್ತಿದಾರೆ.”

“ಅವ್ರ ಹತ್ರಾನೂ ಸೈನ್ ಹಾಕಿಸ್ಕೋತೀರಾ.”

ಲಟ್ರೀಸ್ ತಂತಿಯನ್ನು ಹಿಮಕ್ಕೆ ಬಿಸಾಕಿ, ಕಟ್ಟೆಯ ಮೆಟ್ಟಿಲ ಮೇಲೆ ಕುಳಿತಳು.

“ಇಲ್ಲಿ ಕೂರೋ ಹಾಗಿಲ್ಲ ಮೇಡಂ.”

“ಯಾಕೆ? ಕರಾರು ಯಾರ ಹೆಸರಲ್ಲಿದೆ? ನೀರು ಯಾರ ಹೆಸರಲ್ಲಿದೆ? ಒಡೆದ್ರೆ ಹೊಣೆ ಯಾರು? ಐದು ಗಂಟೆ ತನಕ ಇದೆಲ್ಲಾ ನಂದು ಅಂತ ನೀವೇ ತಾನೇ ಬರೆಸ್ಕೊಂಡಿದ್ದು? ಪೈಪು ನಂದಾದ್ರೆ ಮೆಟ್ಟಿಲೂ ನಂದೇ. ಬೇಕಾದ್ರೆ ಪೊಲೀಸ್ ಕರೀರಿ, ಅವ್ರಿಗೂ ಹೇಳ್ತೀನಿ ಸೀಲಿಂಗಿನ ಕತೆ.”

ಟ್ರೆಂಟ್ ಕಾರಿನೊಳಗೆ ಹೋಗಿ ಕುಳಿತ. ವರ್ನಾ ಗಸ್‌ಗೆ ಕೈಬೀಸಿ ನೀರು ನಿಲ್ಲಿಸೆಂದಳು. ಗಸ್ ಕೀಲಿ ತಿರುವಿ, ಮುಚ್ಚಳ ಮುಚ್ಚಿ, ಏನೂ ಕೇಳದೆ ಹೊರಟುಹೋದ. ಅವಳ ಕೆಲಸವೂ ಮುಗಿದಿತ್ತು. ಬೇರೆ ದಿನವಾಗಿದ್ದರೆ ವ್ಯಾನು ಹತ್ತಿ ಹೋಗುತ್ತಿದ್ದಳು. ಲಟ್ರೀಸಳ ಪಕ್ಕ ಕುಳಿತಳು. ಕಲ್ಲಿನ ಚಳಿ ಪ್ಯಾಂಟಿನ ಮೂಲಕ ಏರಿ ಸೊಂಟ ಹಿಡಿಯಿತು. ಸ್ಯಾಂಡ್‌ವಿಚ್ಚನ್ನು ಇಬ್ಬರೂ ಹಂಚಿಕೊಂಡು ತಿಂದರು.

“ಮೆಸೇಜ್ ಕಳ್ಸಿದ್ಯಾ?” ಎಂದಳು ವರ್ನಾ.

“ಟೈಪ್ ಮಾಡಿದೀನಿ.”

“ಕಳ್ಸು ಮತ್ತೆ.”

“ಕಳಿಸ್ತೀನಿ.”

ಕಳಿಸಲಿಲ್ಲ. ಫೋನನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದಳು. ‘ಮನೆ ಬೇಡ’ ಎಂದು ಎರಡೇ ಪದ ಬರೆದಿದ್ದಳು. ವರ್ನಾಳಿಗೆ ಮತ್ತೆ ಸಿಟ್ಟು ಬಂತು, ಈ ಸಲ ಇವಳ ಮೇಲೆ. ಇಷ್ಟೆಲ್ಲ ಕೇಳಿದ ಮೇಲೂ ಯಾವ ಆಸೆ ಇಟ್ಟುಕೊಂಡಿದ್ದಾಳೆ? ಆದರೆ ಅವಳ ಕಣ್ಣು ಹೋದ ಕಡೆ ನೋಡಿ ಸುಮ್ಮನಾದಳು. ಲಟ್ರೀಸ್ ಕತ್ತು ಹೊರಳಿಸಿ ಮೇಲಿನ ಕಿಟಕಿ ನೋಡುತ್ತಿದ್ದಳು. ಮನೆ ಚೆನ್ನಾಗಿಯೇ ಇತ್ತು. ಓಕ್ ಮರದ ಮೆಟ್ಟಿಲು, ಅಗಲವಾದ ಕಟ್ಟೆ, ಒಳ್ಳೆಯ ಬೆಳಕು. ಯಾರೋ ಒಂದು ಕಾಲದಲ್ಲಿ ಮನಸ್ಸಿಟ್ಟು ಕಟ್ಟಿದ ಮನೆ. ಒಂದು ಒಡೆದ ಪೈಪು ಬದಲಾಯಿಸಲು ಮನಸ್ಸಿಲ್ಲದವರ ಕೈಗೆ ಸಿಕ್ಕಿತ್ತು. ಪೈಪು ಬದಲಾಯಿಸುವುದಕ್ಕಿಂತ ಕೊಳ್ಳಲು ಬಂದವರ ಮುಂಗಡ ಮುರಿದುಕೊಳ್ಳುವುದು ಅವರಿಗೆ ಅಗ್ಗ.

ಫೋನು ಬಡಿದುಕೊಂಡಿತು. ಶಾಲೆ ಬಿಟ್ಟಿತ್ತು.

“ಅಮ್ಮಾ, ಆಯ್ತಾ? ನಮ್ದಾಯ್ತಾ?” ಇಮಾನಿಯ ದನಿ ವರ್ನಾಳಿಗೂ ಕೇಳಿಸುವಷ್ಟು ಜೋರಾಗಿತ್ತು.

ಲಟ್ರೀಸ್ ಫೋನನ್ನು ಕಿವಿಗೆ ಒತ್ತಿಕೊಂಡಳು. “ಇಲ್ಲ ಪುಟ್ಟ. ಈ ಮನೆ ಆಗಲ್ಲ.”

“ಯಾಕೆ?”

“ನೀರು ಬರಲ್ಲ ಕಣೇ.”

ಮಗು ಹೇಳಿತು, “ಅಷ್ಟೇನಾ? ನೀರು ತಂದ್ಕೊಂಡ್ರೆ ಆಯ್ತಪ್ಪ. ಶಾಲೆ ನಲ್ಲಿಯಿಂದ ನಾನ್ ತರ್ತೀನಿ, ಬಾಟಲಿ ದೊಡ್ಡದಿದೆ. ಅಕ್ಕಾನೂ ತರ್ತಾಳೆ. ಬೇಡ ಅನ್ಬೇಡ ಅಮ್ಮ.”

ಲಟ್ರೀಸ್ ಫೋನು ಕೆಳಗಿಟ್ಟು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ವರ್ನಾ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಟ್ರೆಂಟನ ಕಾರಿನ ಗಾಜು ಒಡೆಯಬೇಕೆನ್ನಿಸಿತು ಅವಳಿಗೆ. ಒಡೆದರೆ ಅದಕ್ಕೂ ಒಂದು ಕಾಗದವಿರುತ್ತದೆ, ಅದರಲ್ಲೂ ಹೊಣೆ ತಮ್ಮದೇ ಆಗಿರುತ್ತದೆ.

ಬೆಳಕು ಮಂಕಾಗುವ ಹೊತ್ತಿಗೆ ಒಂದು ಹಳೆಯ ನೀಲಿ ವ್ಯಾನು ಬಂದು ಬೀದಿಯಲ್ಲಿ ನಿಂತಿತು. ಎಂಜಿನ್ ಆರಿಸಲಿಲ್ಲ. ಮುಂದೆ ಒಬ್ಬ ಯುವಕ, ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ಶಾಲು ಹೊದ್ದ ಮುದುಕಿ. ಮೂವರೂ ಕುತ್ತಿಗೆ ಬಗ್ಗಿಸಿ ಮನೆಯನ್ನು ನೋಡುತ್ತಿದ್ದರು. ಹೆಂಡತಿ ಬೆರಳು ಮಾಡಿ ಮೇಲಿನ ಕಿಟಕಿ ತೋರಿಸಿದಳು. ಟ್ರೆಂಟ್ ಕಾರಿನಿಂದ ಇಳಿಯುವಷ್ಟರಲ್ಲಿ ಲಟ್ರೀಸ್ ವ್ಯಾನಿನ ಪಕ್ಕದಲ್ಲಿದ್ದಳು.

“ಈ ಮನೆಗಾ ಬಂದ್ರಿ? ತಗೋಬೇಡಿ. ಒಳಗೆ ಪೈಪು ಒಡೆದಿದೆ. ನಿಮ್ಮ ಹೆಸರಲ್ಲಿ ನೀರು ಬಿಡಿಸಿ, ಸೈನ್ ಹಾಕಿಸ್ಕೊಂಡು, ಮುಂಗಡ ಮುರ್ಕೋತಾರೆ. ಹೋದ ಸಲ ಒಬ್ರಿಗೆ ಮಾಡಿದಾರೆ, ಇವತ್ತು ನನಗೆ ಮಾಡೋಕೆ ಬಂದ್ರು.”

ಯುವಕ ಗಾಜು ಅರ್ಧ ಇಳಿಸಿ ಅವಳನ್ನು ಅಳೆದು ನೋಡಿದ. “ನೀವ್ಯಾರು?”

“ಇವತ್ತು ಇದನ್ನ ತಗೋಬೇಕಾಗಿದ್ದೋಳು.”

“ಓ.” ಅವನು ಹೆಂಡತಿಯ ಕಡೆ ನೋಡಿ ನಕ್ಕ. “ಅಂದ್ರೆ ಕರಾರು ಇನ್ನೂ ನಿಮ್ಮ ಹೆಸರಲ್ಲೇ ಇದೆ. ನಮ್ಮನ್ನ ಹೆದರ್ಸಿ ಓಡ್ಸಿದ್ರೆ ಬ್ಯಾಂಕಿನೋರು ರೇಟ್ ಇಳಿಸ್ತಾರೆ, ನೀವೇ ಹೊಡ್ಕೋತೀರಾ. ಇಂಥದ್ದು ಬೇಕಾದಷ್ಟು ನೋಡಿದೀವಿ ಅಕ್ಕ. ಹೋದ ತಿಂಗಳು ಒಬ್ಬ ಗೆದ್ದಲಿದೆ ಅಂದಿದ್ದ, ಮಾರನೇ ವಾರ ಅವನೇ ಗೃಹಪ್ರವೇಶ ಮಾಡ್ದ.”

“ಅವರು ಹೇಳ್ತಿರೋದು ನಿಜ ಕಣಪ್ಪ, ನಾನು ತಪಾಸಣೆಯವಳು...” ಎಂದು ವರ್ನಾ ಮುಂದೆ ಬಂದಳು.

“ಅವ್ರ ತಪಾಸಣೆಯವ್ರು ತಾನೇ? ಅವ್ರ ದುಡ್ಡು, ಅವ್ರ ಮಾತು.”

ಹಿಂದಿನಿಂದ ಟ್ರೆಂಟನ ದನಿ ಬಂತು, ಮತ್ತೆ ಬೆಣ್ಣೆ ಸವರಿಕೊಂಡು. “ಕ್ಷಮಿಸಿ, ಇವ್ರಿಗೆ ಸ್ವಲ್ಪ ಬೇಜಾರಾಗಿದೆ. ಪಾಪ, ಮನೆ ತುಂಬಾ ಇಷ್ಟ ಆಗಿತ್ತು. ಬಿಟ್ಟು ಹೋಗೋಕೆ ಮನಸ್ಸಾಗ್ತಿಲ್ಲ.”

ಗಾಜು ಮೇಲೇರತೊಡಗಿತು. ಲಟ್ರೀಸ್ ಅದರ ಅಂಚನ್ನು ಬೆರಳುಗಳಿಂದ ಹಿಡಿದಳು.

“ಹೌದು, ಇಷ್ಟ ಆಗಿದೆ!” ಬೀದಿಯೆಲ್ಲ ಕೇಳುವ ಹಾಗೆ ಕಿರುಚಿದಳು. “ಬೇಕು ನನಗೆ ಈ ಮನೆ! ಇವನು ಹೇಳಿದ್ದು ಇದೊಂದೇ ಸತ್ಯ! ಹೊಸ ವರ್ಷಕ್ಕೆ ನನಗೆ ಸೂರಿಲ್ಲ. ನನ್ನ ಮಕ್ಕಳು ರೂಮು ಹಂಚ್ಕೊಂಡಿದಾರೆ. ಚಿಕ್ಕೋಳು ಈಗಷ್ಟೇ ಫೋನ್ ಮಾಡಿ, ಶಾಲೆಯಿಂದ ನೀರು ಹೊತ್ಕೊಂಡು ಬರ್ತೀನಿ, ಬೇಡ ಅನ್ಬೇಡ ಅಂದ್ಲು. ಅಷ್ಟು ಬೇಕು ನಮ್ಗೆ ಈ ಮನೆ. ನೋಡಿ. ಎಲ್ರೂ ನೋಡಿ.”

ಫೋನನ್ನು ಗಾಜಿಗೆ ಒತ್ತಿ ಹಿಡಿದಳು. ‘ಮನೆ ಬೇಡ’ ಎಂಬ ಎರಡು ಪದ ಇನ್ನೂ ಹಾಗೇ ಇದ್ದವು. ಅವರ ಕಣ್ಣೆದುರೇ ಹೆಬ್ಬೆರಳಿನಿಂದ ಕಳಿಸಿದಳು. ಟ್ರೆಂಟನ ಕೈಯ ಫೋನು ಸದ್ದು ಮಾಡಿತು. ಆ ದಿನ ಅದಕ್ಕೆ ನಿಜವಾಗಿ ಬಂದದ್ದು ಅದೊಂದೇ.

“ಈಗ ನನ್ನದೇನೂ ಇಲ್ಲ ಇಲ್ಲಿ” ಎಂದಳು ಲಟ್ರೀಸ್. ದನಿ ಒಡೆದಿತ್ತು. “ಈಗ್ಲಾದ್ರೂ ನಂಬ್ತೀರಾ?”

ಹಿಂದಿನ ಸೀಟಿನಿಂದ ಮುದುಕಿ ಮುಂದಕ್ಕೆ ಬಾಗಿ ಯುವಕನ ಭುಜಕ್ಕೆ ಒಂದು ಏಟು ಕೊಟ್ಟಳು.

“ಗಾಡಿ ಆಫ್ ಮಾಡೋ” ಎಂದಳು. “ಬಾಗಿಲು ತೆಗಿ. ಆ ಹುಡುಗಿ ಚಳೀಲಿ ನಿಂತಿದಾಳೆ.”